ಓದಿದಿರಾ? ಹಾಗಾದರೆ ಯಾವ ಸಾಲು?

ಕೇಳುಗರಿಗೆಲ್ಲ ನಮಸ್ಕಾರ.

ಬರೆಯುವವರು ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ ಎಂಬ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕರೆದಿದ್ದಾರೆ. ರೇಡಿಯೋ ಮುಂದೆ ಈಗ ಯಾರು ಕೂತಿದ್ದೀರಿ ಎಂದು ನಾನು ಊಹೆ ಮಾಡಿಕೊಂಡೇ ಬಂದಿದ್ದೇನೆ. ಮಗಳ ಹಳೇ ನೋಟುಪುಸ್ತಕದ ಖಾಲಿ ಹಾಳೆಯಲ್ಲಿ ಕವಿತೆ ಬರೆದು, ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಡುವ ಒಬ್ಬ ತಾಯಿ. ಕೆಲಸ ಮುಗಿಸಿ ಬಂದು ರಾತ್ರಿ ಹನ್ನೊಂದರ ಮೇಲೆ ಕತೆ ಬರೆಯುವ ಒಬ್ಬ ಹುಡುಗ. ನಿಮ್ಮಿಬ್ಬರ ಕೊರಗೂ ಒಂದೇ: ನಾನು ಬರೆದದ್ದನ್ನು ಯಾರೂ ಓದುವುದಿಲ್ಲ.

ನಾನು ತಿರುಗಿ ಕೇಳುವುದೂ ಒಂದೇ. ನೀವು ಯಾರದನ್ನು ಓದಿದಿರಿ?

ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತು ಮೂವತ್ತು ವರ್ಷ ಇದನ್ನೇ ಕೇಳಿ ಕೇಳಿ ನನ್ನ ದನಿ ಸ್ವಲ್ಪ ಗಡುಸಾಗಿದೆ. ಬರೆಯುವವರ ಗೆಳೆತನ ಹುಟ್ಟುವುದು ಓದಿನಿಂದ. ಮೊದಲು ಓದಬೇಕು. ಓದಿದ ಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು ಮಾತಾಡಬೇಕು. ‘ಚೆನ್ನಾಗಿದೆ’ ಎಂಬ ಮಾತನ್ನು ಓದದೆಯೂ ಹೇಳಬಹುದು. ಈಗಂತೂ ವಾಟ್ಸಾಪಿನಲ್ಲಿ ಎಂಟು ಪುಟದ ಕತೆ ಕಳಿಸಿ ಫೋನು ಕೆಳಗಿಡುವಷ್ಟರಲ್ಲಿ ಆ ಕಡೆಯಿಂದ ಕೈ ಮುಗಿದ ಚಿತ್ರ ಬಂದಿರುತ್ತದೆ. ಎಂಟು ಪುಟಕ್ಕೆ ಎಂಟು ಸೆಕೆಂಡು. ಆ ನಮಸ್ಕಾರ ಕತೆಗೋ, ಇನ್ನು ಕಳಿಸಬೇಡಿ ಎಂಬುದಕ್ಕೋ, ದೇವರೇ ಬಲ್ಲ.

ಒಂದು ಪ್ರಸಂಗ ಹೇಳುತ್ತೇನೆ.

ಎಂಬತ್ತರ ದಶಕ. ಹಾವೇರಿ ಕಡೆಯ ಒಂದು ಊರಿನಲ್ಲಿ ನಾನು ಹೊಸದಾಗಿ ಸೇರಿದ ಶಾಲೆ ಮಾಸ್ತರ. ಬರೆಯುವ ಚಟದ ನಾಲ್ಕು ಜನ ಅಲ್ಲಿದ್ದೆವು. ಒಬ್ಬರು ಅಂಚೆ ಕಚೇರಿಯವರು, ಒಬ್ಬರು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಇನ್ನೊಬ್ಬರು ದರ್ಜಿ. ವಯಸ್ಸಿನಲ್ಲಿ ನಮಗಿಂತ ಹಿರಿಯರು, ಟೇಲರ್ ಕಾಕಾ ಎನ್ನುತ್ತಿದ್ದೆವು. ಪ್ರತಿ ರವಿವಾರ ಮಧ್ಯಾಹ್ನ ಅವರ ಅಂಗಡಿಯ ಕದ ಅರ್ಧ ಮುಚ್ಚಿ, ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಕೂಡುತ್ತಿದ್ದೆವು. ನಮ್ಮದೊಂದು ಕಾನೂನು ಇತ್ತು: ಬರೆದವನು ತನ್ನದನ್ನು ತಾನು ಓದುವಂತಿಲ್ಲ, ಮತ್ತೊಬ್ಬರು ಗಟ್ಟಿಯಾಗಿ ಓದಬೇಕು. ತಾನೇ ಓದಿದರೆ ಸೊಟ್ಟ ವಾಕ್ಯವನ್ನೂ ರಾಗ ಎಳೆದು ನೆಟ್ಟಗೆ ಮಾಡಿಬಿಡುತ್ತಾನೆ. ಬೇರೆಯವರು ಓದಿದಾಗ ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಕಾಕಾ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಅಂಚಿಗೆ ಒಂದು ಗೀಟು ಎಳೆಯುತ್ತಿದ್ದರು.

ಒಂದು ರವಿವಾರ ನನ್ನ ಕತೆ. ತಾಯಿ ತೀರಿಕೊಂಡ ಮನೆ. ಅಜ್ಜಿ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ, ಮೊಮ್ಮಗ ಬಾಗಿಲಲ್ಲಿ ನಿಂತಿದ್ದಾನೆ. ಅಂಚೆಯವರು ಓದಿದರು. ಮುಗಿಯಿತು. ಯಾರಾದರೂ ಕಣ್ಣೊರೆಸಿಕೊಳ್ಳುತ್ತಾರೆ ಎಂದು ನಾನು ಕಾಯುತ್ತಿದ್ದೇನೆ. ಕಾಕಾ ಕೇಳಿದರು: “ಮಾಸ್ತರ, ನಿಮ್ಮ ಅಜ್ಜಿ ರೊಟ್ಟಿ ತಿರುವಿ ಹಾಕಿದ ಮ್ಯಾಲೆ ನೀರು ಸವರ್ತಾಳಲ್ರಿ? ಹಂಚಿಗೆ ಹಾಕಿದ ಕೂಡಲೇ ಮ್ಯಾಲಿನ ಮೈಗೆ ನೀರು ಸವರಬೇಕು. ನೀರು ಆರಿತು ಅಂದಮ್ಯಾಲೆ ತಿರುವೋದು. ನೀವು ಬರೆದಂಗ ಮಾಡಿದ್ರ ರೊಟ್ಟಿ ಉಬ್ಬೂದಿಲ್ರಿ.”

ನನಗೆ ಮೈಯೆಲ್ಲ ಉರಿಯಿತು. ಇಡೀ ಕತೆಯಲ್ಲಿ ದುಃಖ ತುಂಬಿಟ್ಟಿದ್ದೇನೆ, ಈ ಮನುಷ್ಯನಿಗೆ ಕಂಡದ್ದು ರೊಟ್ಟಿ! ಎರಡು ರವಿವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಶಾಲೆಗೆ ಒಂದು ಕಾರ್ಡು ಬಂತು. ಅಂಗಡಿ ಇದ್ದದ್ದು ನಾಲ್ಕು ಓಣಿ ಆಚೆ, ಆದರೂ ಅಂಚೆಯಲ್ಲಿ ಕಳಿಸಿದ್ದರು. ಹದಿನೈದು ಪೈಸೆಯ ಕಾರ್ಡು. “ಕತಿ ಮೂರು ಸಲ ಓದೀನಿ. ಹುಡುಗ ಅಳೂದು ಬಿಟ್ಟು ಬುಟ್ಟ್ಯಾಗಿನ ರೊಟ್ಟಿ ಎಣಿಸ್ತಾನಲ್ಲ, ಆ ಸಾಲಿಗೆ ನಾನು ಮಷೀನ್ ನಿಲ್ಲಿಸಿ ಕುಂತೆ. ಅದಕ್ಕ ರೊಟ್ಟಿ ಸರಿ ಇರಬೇಕು ಅಂದೆ.”

ಅಷ್ಟೇ ಇದ್ದದ್ದು. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ.

ಆ ರಾತ್ರಿ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಕಾಕಾ ತಮ್ಮ ಕವಿತೆಗಳ ವಹಿಯನ್ನು ನನಗೆ ಓದಲು ಕೊಟ್ಟು ನಾಲ್ಕು ತಿಂಗಳಾಗಿತ್ತು. ಗೂಟದ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿತ್ತು. ಸಿಕ್ಕಾಗಲೆಲ್ಲ ‘ಛಲೋ ಅದಾವ ಕಾಕಾ’ ಎಂದು ತೇಲಿಸಿಬಿಟ್ಟಿದ್ದೆ. ಒಂದನ್ನೂ ಓದಿರಲಿಲ್ಲ. ತೆಗೆದು ಓದಿದೆ. ಒಂದು ಕಡೆ ಬರೆಯುತ್ತಾರೆ: ಒಬ್ಬಾಕೆ ಗಂಡನ ಅಂಗಿ ತರುತ್ತಾಳೆ, ಮಗನ ಅಳತೆಗೆ ಸಣ್ಣದು ಮಾಡಿಕೊಡಿ ಎಂದು. ಕಾಲರು ಸವೆದಿದೆ. ಆಗೆಲ್ಲ ಸವೆದ ಕಾಲರನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಹೊಲಿಯುತ್ತಿದ್ದರು, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಬಿಚ್ಚಿ ನೋಡಿದರೆ ಒಳಗಿನ ಬಣ್ಣ ಇನ್ನೂ ಅಂಗಡಿಯಿಂದ ತಂದ ದಿನದ ಹಾಗೆ ಇದೆ. ಕವಿತೆ ಅಲ್ಲಿಗೆ ನಿಲ್ಲುತ್ತದೆ. ಒಂದು ಮಾತು ಹೆಚ್ಚಿಲ್ಲ. ನಾನೋ, ಎಂಟು ಪುಟ ಅತ್ತವನು!

ಬೆಳಿಗ್ಗೆ ನಾನೂ ಒಂದು ಕಾರ್ಡು ಬರೆದೆ, ಆ ಬಣ್ಣದ ಸಾಲಿನ ಬಗ್ಗೆ. ನಮ್ಮ ಗೆಳೆತನ ಶುರುವಾದದ್ದು ಆ ದಿನ. ಅದಕ್ಕೆ ಮುಂಚೆ ಒಂದು ವರ್ಷ ಒಟ್ಟಿಗೆ ಚಹಾ ಕುಡಿದಿದ್ದೆವು, ಅದು ಬೇರೆ. ಆಮೇಲೆ ಪತ್ರಿಕೆಗಳಿಗೆ ಕಳಿಸುವಾಗ ನಾಲ್ವರೂ ಒಂದು ಕೆಲಸ ಮಾಡಿದೆವು. ಅಸ್ವೀಕೃತವಾದರೆ ವಾಪಸು ಬರಲೆಂದು ಸ್ವಂತ ವಿಳಾಸದ, ಸ್ಟಾಂಪು ಹಚ್ಚಿದ ಲಕೋಟೆ ಇಡಬೇಕಿತ್ತಲ್ಲ, ಅದರ ಮೇಲೆ ಎಲ್ಲರೂ ಟೇಲರ್ ಅಂಗಡಿಯ ವಿಳಾಸವನ್ನೇ ಬರೆದೆವು. ನಮ್ಮದೇ ಅಕ್ಷರದ ಲಕೋಟೆ ನಮ್ಮನ್ನೇ ಹುಡುಕಿಕೊಂಡು ಬಂದಾಗ ಒಬ್ಬನೇ ಒಡೆಯುವುದು ಕಷ್ಟ. ನಾಲ್ಕು ಜನ ಕೂತು ಒಡೆದರೆ ಮಿರ್ಚಿ ತರಿಸಲು ಒಂದು ನೆಪ. ರೊಟ್ಟಿ ತಿದ್ದಿದ ಕತೆಯೂ ಎರಡು ಸಲ ಹಾಗೇ ಬಂತು. ಮೂರನೇ ಸಲ ಬರಲಿಲ್ಲ, ಅಚ್ಚಾಯಿತು.

ನೋಡಿ, ರೊಟ್ಟಿಯಲ್ಲೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಧಾರವಾಡದ ವಿಷಯ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಓಡಿಸಿಕೊಂಡು ಹೇಳುತ್ತೇನೆ. 1922ರಲ್ಲಿ ಬೇಂದ್ರೆಯವರು ಅಲ್ಲಿ ‘ಗೆಳೆಯರ ಗುಂಪು’ ಕಟ್ಟಿದರು. ಹೆಸರು ಗಮನಿಸಿ: ಸಂಘ ಅಲ್ಲ, ಪರಿಷತ್ತು ಅಲ್ಲ, ಗೆಳೆಯರ ಗುಂಪು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ, ಎಲ್ಲ ಆ ಬಳಗದವರು. ಕಾಲೇಜಿಗೆಂದು ಧಾರವಾಡಕ್ಕೆ ಬಂದ ಗೋಕಾಕರು ಬೇಂದ್ರೆಯವರನ್ನು ತಮ್ಮ ಕಾವ್ಯಗುರು ಎಂದರು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು, ಗುರುವಿಗೆ 1973ರದ್ದು, ಶಿಷ್ಯನಿಗೆ 1990ರದ್ದು. ಅದೇ ಊರಿನಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರು ಮಾಡಿದರು. ಬರೆಯುವವರು ಬಂದು ಕೂಡುತ್ತಿದ್ದ ಸುಭಾಸ ರಸ್ತೆಯ ಅವರ ಅಟ್ಟ ಇಂದಿಗೂ ಇದೆ. ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಿದ್ದದ್ದು ಆ ಗ್ರಂಥಮಾಲೆಯಿಂದಲೇ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯಂಥ ಓದುಗ ಆ ಅಟ್ಟದ ಬಳಗದಲ್ಲಿದ್ದರು. ನಮಗೆ ಕುರ್ತಕೋಟಿ ಸಿಗಲಿಲ್ಲ, ಟೇಲರ್ ಕಾಕಾ ಸಿಕ್ಕರು. ನಿಮ್ಮ ಓಣಿಯಲ್ಲಿ ಯಾರಿದ್ದಾರೋ ಹುಡುಕಿ. ಓದಿ ಹುಡುಕಿ.

ಇನ್ನೆರಡು ಮಾತು. ಗೆಳೆಯರ ಪುಸ್ತಕ ಬಂದರೆ ದುಡ್ಡು ಕೊಟ್ಟು ಕೊಳ್ಳಿ. ‘ನನಗೊಂದು ಗೌರವ ಪ್ರತಿ’ ಎಂದು ಕೈ ಚಾಚುವುದರಲ್ಲಿ ಗೌರವ ಎಲ್ಲಿದೆಯೋ ನಾನು ಕಾಣೆ. ಎರಡನೆಯದು, ನೀ ನನಗಿದ್ದರೆ ನಾ ನಿನಗೆ ಎಂದು ಬೆನ್ನುಡಿಗಳನ್ನು ಅದಲುಬದಲು ಮಾಡಿಕೊಳ್ಳುವ ವ್ಯವಹಾರ. ಅದಕ್ಕೆ ಓದುವ ಅಗತ್ಯವೇ ಇಲ್ಲ, ಹಾಗಾಗಿ ನಾನು ಇಲ್ಲಿ ಹೇಳುತ್ತಿರುವ ಗೆಳೆತನಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಟ್ಟೆಕಿಚ್ಚಿನ ಬಗ್ಗೆಯೂ ಒಂದು ಪುಟ ಬರೆದುಕೊಂಡಿದ್ದೆ, ಬಿಡುತ್ತೇನೆ. ಅದು ಎಲ್ಲರಿಗೂ ಇರುತ್ತದೆ, ನನಗೂ ಇದೆ. ಆ ಕಾಲರಿನ ಕವಿತೆ ನನ್ನದಾಗಿರಬಾರದಿತ್ತೇ ಎಂದು ಇಂದಿಗೂ ಅನ್ನಿಸುತ್ತದೆ.

ಈ ಭಾಷಣವನ್ನೂ ಮೊನ್ನೆ ಕಾಕಾ ಅವರಿಗೆ ತೋರಿಸಿದೆ. ಈಗ ಕಣ್ಣು ಮಂಜು, ಮೊಮ್ಮಗಳು ಗಟ್ಟಿಯಾಗಿ ಓದಿದಳು. ಕೇಳಿ ಮುಗಿಸಿ, “ರೊಟ್ಟಿ ವಿಚಾರ ಭಾಳ ಉದ್ದಾಗೇದ ಮಾಸ್ತರ, ಕತ್ತರಿ ಹಾಕ್ರಿ” ಎಂದರು. ಈ ಸಲ ನಾನು ಅವರ ಮಾತು ಕೇಳಲಿಲ್ಲ.

ನಮಸ್ಕಾರ.