ಮೊದಲು ಪ್ರಶ್ನೆ, ಆಮೇಲೆ ಸ್ವಿಚ್

ನಮಸ್ಕಾರ್ರಿ ಎಲ್ಲರಿಗೂ. ವಿಜಯಪುರದಿಂದ ಮಾತಾಡುತ್ತಿದ್ದೇನೆ. ಬಿ.ಎಡ್ ಎರಡನೇ ವರ್ಷ, ನನ್ನ ವಿಷಯ ವಿಜ್ಞಾನ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಮಕ್ಕಳಿಗೆ ಆಸಕ್ತಿ ಇಲ್ವಾ? ಕ್ಲಾಸಿಗೊಂದು ಸ್ಮಾರ್ಟ್ ಬೋರ್ಡ್ ಹಾಕಿ, ಮುಗೀತು." ಆ 'ಮುಗೀತು' ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಇಲ್ರಿ, ಏನೂ ಮುಗಿಯುವುದಿಲ್ಲ. ಮೊದಲು ಪ್ರಶ್ನೆ, ಆಮೇಲೆ ಸ್ವಿಚ್.

ಇಂಟರ್ನ್‌ಶಿಪ್‌ನಲ್ಲಿ ನಡೆದದ್ದು ಹೇಳುತ್ತೇನೆ. ಒಂಬತ್ತನೇ ಕ್ಲಾಸು, ಶಬ್ದದ ಪಾಠ. ಪ್ರತಿಧ್ವನಿ ಬಗ್ಗೆ ಒಳ್ಳೆಯ ವಿಡಿಯೊ ಹಾಕಿದೆ. ಯಾವುದೋ ದೇಶದ ಬೆಟ್ಟ, ಯಾರೋ ಕೂಗುತ್ತಾರೆ. ಮಕ್ಕಳು ಸುಮ್ನೆ ಕೂತು ನೋಡಿದರು. ನನಗೋ ಖುಷಿ. ಮುಗಿದ ಮೇಲೆ "ಏನು ತಿಳೀತು?" ಅಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಅಷ್ಟು ಸಲ ಯಾಕ ಕೇಳಸ್ತೈತ್ರಿ?"

ಅಷ್ಟೇ. ಕ್ಲಾಸು ಎದ್ದು ಕೂತಿತು! "ನಾ ಕೂಗೀನ್ರಿ", "ನಾನೂ ಕೂಗೀನ್ರಿ" ಅಂತ ಗದ್ದಲ. 1656ರಲ್ಲಿ ಮುಗಿದ ಕಟ್ಟಡ ನಮ್ಮೂರಲ್ಲೇ ನಿಂತಿದೆ, ನಾನು ಹೊರದೇಶದ ಬೆಟ್ಟ ತೋರಿಸುತ್ತಿದ್ದೆ. ಆಮೇಲೆ ಅದೇ ಬೋರ್ಡಿನ ಮೇಲೆ ಗುಮ್ಮಟ ಬಿಡಿಸಿದೆವು. ಒಳಗಿನ ಅಗಲ ಸುಮಾರು 38 ಮೀಟರ್. ಶಬ್ದ ಎದುರಿನ ಗೋಡೆಗೆ ಹೋಗಿ ಬರಬೇಕಾದರೆ 76 ಮೀಟರ್. ಪುಸ್ತಕದ ಪ್ರಕಾರ ವೇಗ ಸೆಕೆಂಡಿಗೆ 344 ಮೀಟರ್. ಭಾಗಿಸಿದರೆ 0.22 ಸೆಕೆಂಡ್. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡ್ ಸಾಕು. ಶಬ್ದ ಗೋಡೆಯಿಂದ ಗೋಡೆಗೆ ಮತ್ತೆ ಮತ್ತೆ ಪುಟಿಯುತ್ತದೆ, ಅದಕ್ಕೇ ಅಷ್ಟು ಸಲ ಕೇಳುತ್ತದೆ. ಈ ಲೆಕ್ಕ ಮಕ್ಕಳೇ ಮಾಡಿದರು. ಬೋರ್ಡ್ ಅದೇ, ಮಕ್ಕಳೂ ಅವರೇ. ನಡುವೆ ಒಂದು ಪ್ರಶ್ನೆ ಬಂದಿತ್ತು.

ನಮ್ಮ ಪಾಠ ಯೋಜನೆಯಲ್ಲಿ ಪೀಠಿಕಾ ಪ್ರಶ್ನೆಗಳು, ಅಂದರೆ ಪಾಠ ಶುರುವಾಗುವ ಮುಂಚೆ ಕೇಳುವ ಪ್ರಶ್ನೆಗಳು ಅಂತ ಬರೆಯುತ್ತೇವಲ್ಲ, ಅದು ವೀಕ್ಷಣೆಗೆ ಬರುವ ಮೇಡಂ ಸಹಿಗಾಗಿ ಅಲ್ಲ. ಮಗುವಿನ ತಲೆಯಲ್ಲಿ 'ಯಾಕೆ' ಹುಟ್ಟಲಿ ಅಂತ. ಮೊದಲು ಪ್ರಶ್ನೆ, ಆಮೇಲೆ ಸ್ವಿಚ್!

"ಕ್ವಿಜ್ ಆ್ಯಪ್‌ನಲ್ಲಿ ಪಾಯಿಂಟ್ ಕೊಟ್ಟರೆ ಮಕ್ಕಳು ಬಿಡದೆ ಆಡುತ್ತಾರೆ" ಅಂತ ಇನ್ನೊಬ್ಬರು. ಆಡುತ್ತಾರೆ, ಪಾಯಿಂಟ್ ಇರುವ ತನಕ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದು ಆ ಮಕ್ಕಳಿಗೆ ಮೊದಲೇ ಇಷ್ಟ. ಬಹುಮಾನ ಸಿಗುತ್ತದೆ ಅಂತ ಮುಂಚೆಯೇ ಗೊತ್ತಿದ್ದು ಚಿತ್ರ ಬಿಡಿಸಿದ ಮಕ್ಕಳು, ಆಮೇಲೆ ಬಿಡುವಿನಲ್ಲಿ ಬಣ್ಣದ ಪೆನ್ನು ಮುಟ್ಟಿದ್ದು ಕಡಿಮೆ. ಇದ್ದ ಆಸೆಯೇ ಇಳಿಯಿತು! ಇಷ್ಟಾದ ಮೇಲೂ ಪಾಯಿಂಟ್, ಪಾಯಿಂಟ್ ಅಂತೀರಲ್ಲ!

"ಹಾಗಾದರೆ ಹಳ್ಳಿ ಮಕ್ಕಳಿಗೆ ಟೆಕ್ನಾಲಜಿ ಬೇಡವಾ?" ಯಾರು ಬೇಡ ಅಂದರು? ಬೇಕು, ಎಲ್ಲ ಶಾಲೆಗೂ ಬೇಕು. ಆದರೆ ಕೊರೊನಾದಿಂದ ಶಾಲೆ ಮುಚ್ಚಿದ್ದ 2020 ನೆನಪಿದೆಯಾ? ಚಂದನದಲ್ಲಿ ಪಾಠ ಬರುತ್ತಿತ್ತು. ಆದರೂ ಸರ್ಕಾರದ ವಿದ್ಯಾಗಮ ಯೋಜನೆ ಬೇಕಾಯಿತು. ಮೇಷ್ಟ್ರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡರು. ಯಾಕೆ? ಟಿವಿ ಮುಂದೆ ಕೂತ ಮಗು ಎದ್ದು ಹೋದರೆ ಟಿವಿಗೆ ಗೊತ್ತಾಗುವುದಿಲ್ಲ. ಮೇಷ್ಟ್ರಿಗೆ ಗೊತ್ತಾಗುತ್ತದೆ.

"ಇನ್ನೂ ಬಿ.ಎಡ್ ಮುಗಿದಿಲ್ಲ, ನಿಮಗೇನು ಗೊತ್ತು" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಆ ಹುಡುಗಿ ಬಿ.ಎಡ್ ಮಾಡಿದ್ದಳಾ? ಅವಳಿಗೆ ಗೊತ್ತಿತ್ತು. ಮೊದಲು ಪ್ರಶ್ನೆ! ಮೊದಲು ಪ್ರಶ್ನೆ ಕಣ್ರಿ, ಆಮೇಲೆ ಸ್ವಿಚ್!

ಮುಂದಿನ ಭಾನುವಾರ ಗೋಳಗುಮ್ಮಟದಿಂದಲೇ ವಿಡಿಯೊ ಮಾಡುತ್ತೇನೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಕೂಗಿ, ಎಷ್ಟು ಸಲ ಕೇಳುತ್ತದೆ ಅಂತ ಎಣಿಸೋಣ. ಸಬ್‌ಸ್ಕ್ರೈಬ್ ಆಗಿ, ಗಂಟೆ ಗುರುತು ಒತ್ತಿ. ನಿಮ್ಮ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಏನು ಕೇಳಿದರು ಅಂತ ಕಮೆಂಟಿನಲ್ಲಿ ಬರೆಯಿರಿ, ಒಂದೂ ಬಿಡದೆ ಓದುತ್ತೇನೆ.