ವಾಲ್ಯೂಮ್ ಏರಿಸಿದರೂ ಅರ್ಥ ಯಾಕೆ ತಿಳಿಯುವುದಿಲ್ಲ?

[ದೃಶ್ಯ: ಸಭಾಭವನದ ವೇದಿಕೆ, ಎರಡು ಬದಿಯಲ್ಲಿ ಸ್ಪೀಕರ್]

ನಮಸ್ಕಾರ. ಕಾಸರಗೋಡಿನ ಕಡೆ ಮಳೆಗಾಲ ಅಂದರೆ ಯಕ್ಷಗಾನ ತಾಳಮದ್ದಳೆ ಕೂಟಗಳ ಕಾಲ. ಕುಣಿತ ಇಲ್ಲ, ವೇಷ ಇಲ್ಲ. ಇರುವುದೆಲ್ಲ ಭಾಗವತರು ಹಾಡುವ ಪದ ಮತ್ತು ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗಳ ಮಾತು. ಆ ಮಾತೇ ಹಿಂದಿನ ಸಾಲಿಗೆ ತಿಳಿಯದಿದ್ದರೆ ಕೂಟ ಯಾಕೆ, ಅಲ್ವಾ? "ಸೌಂಡ್ ಜಾಸ್ತಿ ಮಾಡಿ ಮಾರಾಯ್ರೆ" ಅನ್ನುತ್ತಾರೆ. ಜಾಸ್ತಿ ಮಾಡಿದರೆ ಗೊಂದಲವೂ ಅಷ್ಟೇ ಜಾಸ್ತಿಯಾಗುತ್ತದೆ.

ಬಯಲಾಟದ ಗದ್ದೆಯಲ್ಲಿ ಸ್ಪೀಕರಿನಿಂದ ಹೊರಟ ಸದ್ದು ಹೋದದ್ದು ಹೋಯಿತು. ಭವನದಲ್ಲಿ ಟೈಲ್ಸ್ ನೆಲ, ಗಾರೆ ಗೋಡೆ, ಮೇಲೆ ಶೀಟು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಿಮ್ಮ ಹಿಂದೆ 17 ಮೀಟರ್ ದೂರದಲ್ಲಿ ಗೋಡೆ ಇದ್ದರೆ, ನಿಮ್ಮನ್ನು ದಾಟಿದ ಮಾತು 0.1 ಸೆಕೆಂಡಿನಲ್ಲಿ ವಾಪಸ್ ಬರುತ್ತದೆ.

[ದೃಶ್ಯ: ಮೈಕಿನ ಮುಂದೆ ಅರ್ಥಧಾರಿ]

ಅರ್ಥಧಾರಿ "ಭೀಷ್ಮ" ಅಂದರು ಅನ್ನಿ. "ಭೀ"ಯಲ್ಲಿರುವ ಸ್ವರ ದೊಡ್ಡದು, ಉದ್ದ. "ಷ್" ಬರೀ ತೆಳು ಉಸಿರಿನ ಸದ್ದು. ಗೋಡೆಗಳ ನಡುವೆ "ಭೀ" ಇನ್ನೂ ಸುತ್ತುತ್ತಿರುವಾಗಲೇ "ಷ್" ಬರುತ್ತದೆ, ಅದರಡಿ ಮುಚ್ಚಿಹೋಗುತ್ತದೆ. ಮಾತು ಬಿಡಿಸಿ ಕೇಳಲು ಕಿವಿಗೆ ಬೇಕಾದದ್ದೇ ಈ ವ್ಯಂಜನಗಳು.

ಹಾಗಂತ ಗೋಡೆಯಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ಸದ್ದನ್ನು ಕಿವಿ ಮೊದಲಿನದರ ಜೊತೆಗೇ ಸೇರಿಸಿಕೊಳ್ಳುತ್ತದೆ. ದಿಕ್ಕನ್ನೂ ಮೊದಲು ಬಂದದ್ದರಿಂದಲೇ ಹಿಡಿಯುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು.

ಅದಕ್ಕೂ ಮೊದಲು, 1895ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ತಿಳಿಯುತ್ತಿರಲಿಲ್ಲ. ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಸಬೀನ್ ಆ ಕೊಠಡಿಗೆ ಸೀಟಿನ ಮೆತ್ತೆಗಳನ್ನು ತರಿಸಿ ಹಾಕುತ್ತಾ, ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಮೆತ್ತೆಯಂತೆ ಜನರೂ ಸದ್ದು ಹೀರುತ್ತಾರೆ. ಹಾಗಾಗಿ ಖಾಲಿ ಭವನದಲ್ಲಿ ಮಾಡಿದ ಸೌಂಡ್ ಚೆಕ್ ನಂಬಬೇಡಿ. ಜನ ತುಂಬಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತು ಇನ್ನೊಮ್ಮೆ ಕೇಳಿ.

[ದೃಶ್ಯ: ಸೌಂಡ್ ಮಿಕ್ಸರಿನ ಗುಂಡಿಗಳು]

ಮಾತಿನ ಮೈಕಿನಲ್ಲಿ ಬಾಸ್, ಅಂದರೆ ತಗ್ಗು ದನಿಯ ಭಾಗ, ಏರಿಸಬೇಡಿ, ದಯವಿಟ್ಟು. ಗಂಭೀರ ಅನ್ನಿಸಬಹುದು, ಆದರೆ ಇಂಥ ಭವನದಲ್ಲಿ ಬಾಸ್ ಬೇಗ ಅಡಗುವುದಿಲ್ಲ, ತೆಳು ಪರದೆಗೆ ಅದು ಜಗ್ಗುವುದೂ ಇಲ್ಲ. ಸ್ಪೀಕರಿನ ಮುಖ ಜನರ ಕಡೆ ಬಾಗಿರಲಿ, ಎದುರು ಗೋಡೆಗಲ್ಲ.

ಭವನ ಉದ್ದವಾಗಿದ್ದರೆ ನಡುವೆ ಎರಡು ಸಣ್ಣ ಸ್ಪೀಕರ್ ಇಡಿ, ವಾಲ್ಯೂಮ್ ಕಡಿಮೆ ಸಾಕು. ಅವು ಮುಂದಿನ ಸ್ಪೀಕರಿನಿಂದ 17 ಮೀಟರ್ ದೂರದಲ್ಲಿದ್ದರೆ ಮುಂದಿನ ಸದ್ದು ಅಲ್ಲಿಗೆ ಬರಲು 50 ಮಿಲಿಸೆಕೆಂಡ್ ಬೇಕು; ಮಿಕ್ಸರಿನಲ್ಲಿ ಅಷ್ಟೇ ಡಿಲೇ (ತಡ) ಕೊಡಿ, ಮೇಲೆ ಇನ್ನೊಂದು 10 ಸೇರಿಸಿ. ಆಗ ಸದ್ದು ಪಕ್ಕದ ಸ್ಪೀಕರಿನದ್ದಾದರೂ, ಮಾತು ವೇದಿಕೆಯ ಕಡೆಯಿಂದಲೇ ಬಂದಂತೆ ಕೇಳುತ್ತದೆ.