ಕೆಸರುನೀರಿಗೆ ಇಳಿಯುವ ಆಟದ ಟ್ರಕ್ಕು: ಒಳಗಿನ ವಿದ್ಯುತ್ ಭಾಗಗಳನ್ನು ಮನೆಯಲ್ಲೇ ಕಾಪಾಡುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಆಷಾಢದ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ, ನನ್ನ ತಂಗಿಯ ಮಗ ತನ್ನ ರಿಮೋಟ್ ಕಂಟ್ರೋಲ್ ಟ್ರಕ್ಕನ್ನು ಅಂಗಳದಾಚೆಯ ಕೆಂಪು ಕೆಸರಿನ ಗುಂಡಿಗೆ ಇಳಿಸಿದ. ಅದು ಗುಂಡಿಯ ನಡುವೆಯೇ ನಿಂತುಹೋಯಿತು. ಒರೆಸಿ, ಬಚ್ಚಲೊಲೆಯಿಂದ ಒಂದಿಷ್ಟು ದೂರದಲ್ಲಿಟ್ಟು ಒಣಗಿಸಿದ ಮೇಲೆ ಮತ್ತೆ ಓಡಿದ್ದರಿಂದ ನಾವು ನಿಶ್ಚಿಂತರಾದೆವು. ಆದರೆ ಎಂಟು ದಿನ ಕಳೆದ ಮೇಲೆ, ಒಣನೆಲದಲ್ಲೇ ಓಡುತ್ತಿದ್ದಾಗ, ಮುಂದಿನ ಚಕ್ರಗಳು ಒಂದೇ ಕಡೆಗೆ ತಿರುಗಿಕೊಂಡು ಸ್ತಬ್ಧವಾದವು. ರೇಡಿಯೊ ಸಂಕೇತವನ್ನು ಹಿಡಿಯುವ ರಿಸೀವರ್ ಎಂಬ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ, ಅಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಹಸಿರು ಕಿಲುಬು ಬೆಳೆದು ಕೂತಿತ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟಾಗ ಏಳುತ್ತದಲ್ಲ, ಅಂಥದ್ದೇ ಕಿಲುಬು.

ಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ. ಮಣ್ಣು ಮತ್ತು ಲವಣ ಕರಗಿದ ಗುಂಡಿಯ ನೀರು ಹಾಗಲ್ಲ. ಬ್ಯಾಟರಿಯ ವಿದ್ಯುತ್ತು ಹರಿಯುತ್ತಿರುವ ಸರ್ಕ್ಯೂಟ್ ಬೋರ್ಡಿನ ಮೇಲೆ ಅಂಥ ನೀರು ಬಿದ್ದಾಗ, ಧನ ತುದಿಯ ತಾಮ್ರವು ಸ್ವಲ್ಪಸ್ವಲ್ಪವೇ ಕರಗಿ, ಋಣ ತುದಿಯ ಕಡೆಗೆ ಸಾಗಿ, ಅಲ್ಲಿ ಕೂದಲಿಗಿಂತ ತೆಳುವಾದ ಲೋಹದ ಎಳೆಗಳಾಗಿ ಬೆಳೆಯುತ್ತದೆ. ನೀರು ಆರಿದರೂ ಲವಣ ಬೋರ್ಡಿನ ಮೇಲೇ ಉಳಿದು, ಮಳೆಗಾಲದ ಗಾಳಿಯ ತೇವವನ್ನು ಹೀರಿಕೊಂಡು, ಕೊರೆಯುವ ಕೆಲಸವನ್ನು ಮುಂದುವರಿಸುತ್ತದೆ. ಟ್ರಕ್ಕು ನೀರಿನಲ್ಲಿ ಬದುಕಿ ಎಂಟು ದಿನದ ಮೇಲೆ ಸತ್ತದ್ದು ಹೀಗೆ.

ಆದ್ದರಿಂದ ಎಲ್ಲವನ್ನೂ ಒಂದು ಮುಚ್ಚಿದ ಡಬ್ಬಿಯೊಳಗೆ ಹಾಕಿ ಸುತ್ತ ಅಂಟು ಬಳಿಯುವುದು ನನಗೆ ಸರಿಯಾದ ದಾರಿಯೆನಿಸುವುದಿಲ್ಲ. ಬಿಸಿಯಾದ ಡಬ್ಬಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿಯ ತೇವವೇ ಹನಿಗಟ್ಟುತ್ತದೆ. ಅದೂ ಅಲ್ಲದೆ, ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ತನ್ನ ಶಾಖವನ್ನು ಹೊರಗೆ ಬಿಡಲಾಗದೆ ಸುಟ್ಟುಹೋಗಬಹುದು. ನೀರು ಪೆಟ್ಟಿಗೆಯೊಳಗೆ ಬಂದರೂ ಲೋಹವನ್ನು ಮುಟ್ಟಬಾರದು. ನಾವು ಸಾಧಿಸಬೇಕಾದದ್ದು ಅಷ್ಟೇ.

ಇದಕ್ಕೆ ಬಳಸುವುದು ಕನ್ಫಾರ್ಮಲ್ ಕೋಟಿಂಗ್ ಎಂಬ ತೆಳುವಾದ ಲೇಪ. ಇದರಲ್ಲಿ ಮುಖ್ಯವಾಗಿ ಅಕ್ರಿಲಿಕ್ ಮತ್ತು ಸಿಲಿಕೋನ್ ಎಂಬ ಎರಡು ಬಗೆಗಳು ನಮಗೆ ಉಪಯುಕ್ತ. ಅಕ್ರಿಲಿಕ್ ಲೇಪವನ್ನು ದ್ರಾವಕದಿಂದ ತೆಗೆದು ಮತ್ತೆ ಬೆಸುಗೆ ಹಾಕಬಹುದು. ಸಿಲಿಕೋನ್ ಶಾಖವನ್ನು ಚೆನ್ನಾಗಿ ತಾಳುತ್ತದೆ, ಬಾಗಿದರೂ ಬಿರಿಯುವುದಿಲ್ಲ. ಸ್ಪೀಡ್ ಕಂಟ್ರೋಲರಿಗೆ ಸಿಲಿಕೋನೇ ಇರಲಿ. ಉಗುರುಬಣ್ಣವನ್ನು ಬಳಿಯುವವರೂ ಇದ್ದಾರೆ; ಬಿಸಿಯಾಗದ ರಿಸೀವರಿಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆಯಾದರೂ ಬಿಸಿಯಾಗುವ ಕಡೆ ಬಿರುಕು ಬಿಡುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು: ಸ್ನಾನದ ಮನೆಯ ಸಂದುಗಳಿಗೆ ತುಂಬುವ, ವಿನೆಗರಿನ ವಾಸನೆ ಬರುವ ಸಿಲಿಕೋನನ್ನು ಬೋರ್ಡಿನ ಹತ್ತಿರ ತರಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ.

ಬ್ಯಾಟರಿಯನ್ನು ತೆಗೆದಿಟ್ಟು, ಬೋರ್ಡನ್ನು ಕವಚದಿಂದ ಬಿಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡೂ ಬದಿಯನ್ನು ಮೃದುವಾಗಿ ತಿಕ್ಕಿ, ಪೂರ್ತಿ ಆರಲು ಬಿಡಬೇಕು. ಬೆರಳಿನ ಜಿಡ್ಡಿದ್ದ ಜಾಗದಲ್ಲಿ ಲೇಪ ಹಿಡಿಯುವುದಿಲ್ಲ. ತಂತಿಗಳನ್ನು ಸಿಕ್ಕಿಸುವ ಪಿನ್ನುಗಳು, ಒತ್ತುವ ಗುಂಡಿ ಮತ್ತು ಸ್ವಿಚ್ಚಿಗೆ ಕಾಗದದ ಟೇಪು ಸುತ್ತಿಡಿ. ಲೇಪ ಅಲ್ಲಿಗೆ ಹರಿದರೆ ವಿದ್ಯುತ್ ಸಂಪರ್ಕವೇ ತಪ್ಪುತ್ತದೆ. ಬಳಿಕ, ಕಿಟಕಿ ತೆರೆದಿರುವ ಕೋಣೆಯಲ್ಲಿ ಕುಳಿತು, ಸಣ್ಣ ಕುಂಚದಿಂದ ತೆಳುವಾಗಿ ಒಂದು ಸಲ ಬಳಿದು, ಅದು ಆರಿದ ಮೇಲೆ ಅಡ್ಡ ದಿಕ್ಕಿನಲ್ಲಿ ಎರಡನೆಯ ಸಲ ಬಳಿಯಬೇಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಒಳಗೆ ಗುಳ್ಳೆಗಳು ಉಳಿಯುತ್ತವೆ, ಆ ಗುಳ್ಳೆಗಳ ಮೂಲಕವೇ ನೀರು ಒಳಗೆ ಇಳಿಯುತ್ತದೆ. ಇಂಥ ಅನೇಕ ಲೇಪಗಳಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ ಬೆರೆಸಿರುತ್ತಾರೆ. ನೋಟು ಪರೀಕ್ಷಿಸುವ ಸಣ್ಣ ಟಾರ್ಚನ್ನು ಕತ್ತಲೆಯಲ್ಲಿ ಬಿಟ್ಟರೆ ಬೋರ್ಡು ತಿಳಿನೀಲಿಯಾಗಿ ಬೆಳಗುತ್ತದೆ. ನಾನು ಮೊದಲ ಸಲ ಹಾಗೆ ನೋಡಿದಾಗ, ಬೋರ್ಡಿನ ಮೇಲಿನ ಒಂದು ಐಸಿ ಚಿಪ್‌ನ ಕಾಲುಗಳ ಬುಡ ಪೂರ್ತಿ ಕಪ್ಪಾಗಿ ಕಂಡಿತು. ಕುಂಚ ಅಲ್ಲಿಗೆ ತಲುಪಿರಲೇ ಇಲ್ಲ. ಬಳಿದು ಮುಗಿದ ಮೇಲೆ 24 ಗಂಟೆ ಮುಟ್ಟದೆ ಬಿಡುವುದು ಒಳ್ಳೆಯದು.

ಮುಂದಿನ ಚಕ್ರಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸುವ ಸರ್ವೊ ಎಂಬ ಪುಟ್ಟ ಮೋಟಾರು ಪೆಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಭಾಗ. ಅದರ ನಾಲ್ಕು ಉದ್ದನೆಯ ಸ್ಕ್ರೂಗಳನ್ನು ಬಿಚ್ಚಿದರೆ ಕೆಳಗೆ ಪುಟ್ಟ ಬೋರ್ಡು ಸಿಗುತ್ತದೆ. ಅದಕ್ಕೆ ಲೇಪ ಬಳಿಯಬಹುದು, ಆದರೆ ದಂಡ ಎಷ್ಟು ತಿರುಗಿದೆಯೆಂದು ಅಳೆಯುವ ಪೊಟೆನ್ಶಿಯೊಮೀಟರಿಗೆ ಒಂದು ಹನಿಯೂ ತಾಗಕೂಡದು. ಕವಚದ ಸಂದುಗಳಿಗೆ ನೀರು ತಡೆಯುವ ಗ್ರೀಸನ್ನು ಸವರಿ ಮುಚ್ಚಿ, ಮೇಲೆ ಹೊರಬರುವ ದಂಡಕ್ಕೆ ಗಾತ್ರಕ್ಕೆ ತಕ್ಕ ರಬ್ಬರ್ ಉಂಗುರವನ್ನು ಗ್ರೀಸಿನಲ್ಲಿ ಅದ್ದಿ ತೊಡಿಸಬೇಕು. ಉಂಗುರ ಬಿಗಿಯಾದರೆ ಸರ್ವೊ ತಿಣುಕಿ ಬಿಸಿಯಾಗುತ್ತದೆ, ಸಡಿಲವಾದರೆ ತೊಡಿಸಿಯೂ ಫಲವಿಲ್ಲ.

ಟ್ರಕ್ಕನ್ನು ಓಡಿಸುವ ಮೋಟಾರು ಬ್ರಷ್‌ಲೆಸ್, ಅಂದರೆ ಒಳಗೆ ಉಜ್ಜುವ ಬ್ರಷ್ಷುಗಳಿಲ್ಲದ ಬಗೆಯದಾದರೆ, ಅದರ ತಂತಿ ಸುರುಳಿಗಳಿಗೆ ಎನಾಮಲ್ ಲೇಪ ಮೊದಲೇ ಇರುವುದರಿಂದ ಅದಕ್ಕೆ ನೀರಿನ ಭಯ ಕಡಿಮೆ; ಕೆಡುವುದು ಅದರ ಬೇರಿಂಗು.

ಆಂಟೆನಾದ ಮಾತು ಬೇರೆ. ಇಂದಿನ ರಿಮೋಟುಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಕಂಪನಾಂಕದಲ್ಲಿ ಕೆಲಸ ಮಾಡುತ್ತವೆ, ಆ ಅಲೆಗಳನ್ನು ನೀರು ಬಹುಬೇಗ ಹೀರಿಬಿಡುತ್ತದೆ. ಬೋರ್ಡು ಎಷ್ಟೇ ಭದ್ರವಾಗಿದ್ದರೂ ಆಂಟೆನಾ ಮುಳುಗಿದರೆ ಟ್ರಕ್ಕು ಮಾತು ಕೇಳುವುದಿಲ್ಲ. ತಂತಿಯ ತುದಿಯನ್ನು ಪ್ಲಾಸ್ಟಿಕ್ ನಳಿಕೆಯಲ್ಲಿ ಮೇಲಕ್ಕೆ ನಿಲ್ಲಿಸಿ, ಉದ್ದವಾಯಿತೆಂದು ಕತ್ತರಿಸಬೇಡಿ.

ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ನೀವು ಬಿಚ್ಚಲೇಬಾರದು. ಉಬ್ಬಿದ್ದರೆ ಬಳಕೆ ನಿಲ್ಲಿಸಿ, ಒದ್ದೆಯಿದ್ದಾಗ ಚಾರ್ಜಿಗೆ ಹಾಕಬೇಡಿ. ಕರಾವಳಿಯ ಕೇಳುಗರಿಗೆ ಇನ್ನೊಂದು ಮಾತು: ಮನೆಯಲ್ಲಿ ಬಳಿದ ಲೇಪವನ್ನು ನಂಬಿ ಟ್ರಕ್ಕನ್ನು ಸಮುದ್ರದ ಅಲೆಗೆ ಇಳಿಸಬೇಡಿ. ಉಪ್ಪುನೀರು ಸಿಡಿದರೆ ತಡಮಾಡದೆ ಬ್ಯಾಟರಿ ತೆಗೆದು, ಸಿಹಿನೀರಿನಲ್ಲಿ ತೊಳೆಯಿರಿ.

ಕೊಂಡ ಟ್ರಕ್ಕಿನ ಪೆಟ್ಟಿಗೆಯ ಮೇಲೆ, ನೀರನ್ನು ಎಷ್ಟು ತಡೆಯುತ್ತದೆಂದು ಸೂಚಿಸುವ ಗುರುತು ಐಪಿಎಕ್ಸ್ 4 ಎಂದಿದ್ದರೆ ಟ್ರಕ್ಕು ಸಿಡಿಯುವ ನೀರನ್ನು ತಾಳುತ್ತದೆಂದು ಅರ್ಥ. ಐಪಿಎಕ್ಸ್ 7 ಎಂದಿದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷದ ಪರೀಕ್ಷೆ ಮುಗಿಸಿದೆಯೆಂದು ಅರ್ಥ. ಎರಡರಲ್ಲಿ ಯಾವುದೂ ಬೇರಿಂಗಿನ ತುಕ್ಕನ್ನು ತಡೆಯುವುದಿಲ್ಲ. ಆಟ ಮುಗಿದ ಸಂಜೆಯೇ ಚಕ್ರಗಳನ್ನು ಬಿಚ್ಚಿ, ಕೆಸರು ತೊಳೆದು, ನೆರಳಿನ ಗಾಳಿಯಲ್ಲಿ ಆರಿಸಿ, ಪ್ರತಿ ಬೇರಿಂಗಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಡಬೇಕು. ನಮ್ಮ ಹುಡುಗ ಈಗ ಇದನ್ನು ತಾನೇ ಮಾಡುತ್ತಾನೆ. ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ, ಎಣ್ಣೆ ಬಿಟ್ಟ ಬೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸಿ ಕಿವಿಗೆ ಹಿಡಿಯುತ್ತಾನೆ. ಒಳಗೆ ಮರಳಿನ ಸದ್ದು ಕೇಳಿದರೆ ಮತ್ತೆ ತೊಳೆಯುತ್ತಾನೆ.

ನಮಸ್ಕಾರ.